ಹಡಗು ತಡವಾದರೂ ಗಡುವು ಕಾಯದು

ಹಿರಿಯೂರು ತಾಲ್ಲೂಕಿನ ಆದಿವಾಲದ ಮೂಲಕ ಹಾದುಹೋಗುವ 48ನೇ ರಾಷ್ಟ್ರೀಯ ಹೆದ್ದಾರಿಯು ಒಂದು ಕಡೆ ಮುಂಬೈಯನ್ನೂ ಇನ್ನೊಂದು ಕಡೆ ಚೆನ್ನೈಯನ್ನೂ ತಲುಪುತ್ತದೆ. ಹಿಂದೆ 4ನೇ ಹೆದ್ದಾರಿಯೆಂದು ಹೆಸರಾಗಿದ್ದ ಈ ರಸ್ತೆ ಏಷ್ಯಾ ಹೆದ್ದಾರಿ ಜಾಲದ 47ನೇ ಮಾರ್ಗದ ಭಾಗವೂ ಹೌದು. ಇಲ್ಲಿಂದ ಹೊರಟ ವಾಹನವು ಒಂದೆರಡು ದಿನಗಳಲ್ಲಿ ಈ ಎರಡರಲ್ಲಿ ಯಾವ ಬಂದರನ್ನಾದರೂ ಸೇರಬಲ್ಲದು. ಅಲ್ಲಿಯವರೆಗೆ ಕಾಲದ ಲೆಕ್ಕವು ಮಾಲೀಕನ ಕೈಯಲ್ಲಿರುತ್ತದೆ. ಬಂದರಿನ ಬಾಗಿಲು ದಾಟಿದ ಬಳಿಕ ಹಾಗಿರುವುದಿಲ್ಲ. ಸ್ವಂತ ವಾಹನದಲ್ಲಿ ವಿದೇಶ ಸಂಚಾರ ಕೈಗೊಳ್ಳುವವರು ಎದುರಿಸುವ ಈ ತೊಡಕಿನಲ್ಲಿ, ಯಂತ್ರವನ್ನೋ ಮಾದರಿಯನ್ನೋ ಹೊರದೇಶಕ್ಕೆ ಕಳುಹಿಸುವ ಸಣ್ಣ ಉದ್ಯಮಿಗೂ ಪಾಠವಿದೆ.

ಕಿರಿದಾದ ಭೂಮಾರ್ಗ

2015ರಲ್ಲಿ ಬೆಂಗಳೂರಿನ ನಿಧಿ ತಿವಾರಿ ಅವರು ದೆಹಲಿಯಿಂದ ಲಂಡನ್‌ವರೆಗೆ ಮ್ಯಾನ್ಮಾರ್ ಹಾಗೂ ಚೀನಾ ಮಾರ್ಗವಾಗಿ ತಮ್ಮ ವಾಹನವನ್ನು ತಾವೇ ಚಲಾಯಿಸಿಕೊಂಡು ಹೋದರು. 2021ರ ಫೆಬ್ರುವರಿಯ ಸೇನಾ ಕ್ಷಿಪ್ರಕ್ರಾಂತಿಯ ನಂತರ ಮ್ಯಾನ್ಮಾರ್‌ನಲ್ಲಿ ಅಂತರ್ಯುದ್ಧ ಹರಡಿ, ಆ ದಾರಿಯು ನೆಚ್ಚಿಕೊಳ್ಳುವಂತೆ ಉಳಿಯಲಿಲ್ಲ. ಪಶ್ಚಿಮದಲ್ಲಿ 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ಬಳಿಕ ಅಟಾರಿಯ ತಪಾಸಣಾ ಠಾಣೆಯನ್ನು ಭಾರತವು ಮುಚ್ಚಿತು. ನೇಪಾಳದ ಮೂಲಕ ಟಿಬೆಟ್ ಪ್ರವೇಶಿಸಲು ಚೀನಾದ ಪೂರ್ವಾನುಮತಿಯೂ ಅಲ್ಲಿನ ಮಾರ್ಗದರ್ಶಕನೂ ಅಗತ್ಯ. ಅಮೆರಿಕ ಖಂಡದಲ್ಲಿ ಪನಾಮ ಹಾಗೂ ಕೊಲಂಬಿಯಾ ನಡುವಿನ ಡೇರಿಯನ್ ಕಾಡಿನಲ್ಲಿ ಸುಮಾರು 100 ಕಿಲೋಮೀಟರ್ ದೂರ ರಸ್ತೆಯೇ ಇಲ್ಲ. ಆದ್ದರಿಂದ ದೀರ್ಘ ಭೂಪ್ರಯಾಣಗಳಲ್ಲಿಯೂ ಎಲ್ಲಾದರೊಂದು ಕಡೆ ವಾಹನವನ್ನು ಹಡಗಿಗೇರಿಸುವುದು ಅನಿವಾರ್ಯವಾಗುತ್ತದೆ.

ವಿಳಂಬದ ಎರಡು ಮುಖಗಳು

ನಡುದಾರಿಯ ಬಂದರಿನಲ್ಲಿ ಕಂಟೇನರನ್ನು ಹಡಗಿನಿಂದ ಹಡಗಿಗೆ ಬದಲಾಯಿಸುವಾಗ ಸ್ಥಳವಿಲ್ಲದೆ ಅದು ಮುಂದಿನ ಹಡಗಿಗೆ ಉಳಿಯುವುದು, ಬಂದರಿನ ದಟ್ಟಣೆ, ದಾಖಲೆಯಲ್ಲಿ ಚಾಸಿ ಸಂಖ್ಯೆಯ ಒಂದಂಕಿ ತಪ್ಪಾಗಿರುವುದು, ಸರಕು ರಸೀದಿಯ ಮೂಲಪ್ರತಿ ತಡವಾಗಿ ಕೈಸೇರುವುದು — ಇವು ದಿನನಿತ್ಯದ ವಿಳಂಬಗಳು. ಎಚ್ಚರಿಕೆಯಿಂದ ಇವುಗಳಲ್ಲಿ ಕೆಲವನ್ನು ತಪ್ಪಿಸಬಹುದು.

ಎರಡನೆಯ ಬಗೆಯದನ್ನು ಯಾರೂ ತಪ್ಪಿಸಲಾರರು. 2021ರ ಮಾರ್ಚ್ 23ರಂದು ಸುಯೆಜ್ ಕಾಲುವೆಗೆ ಅಡ್ಡಲಾಗಿ ಸಿಲುಕಿದ ‘ಎವರ್ ಗಿವನ್’ ಹಡಗನ್ನು ಆರು ದಿನಗಳ ನಂತರ ಬಿಡಿಸಲಾಯಿತು. ಆದರೆ ಪರಿಹಾರದ ವ್ಯಾಜ್ಯ ಮುಗಿದು ಅದು ಈಜಿಪ್ಟ್ ಬಿಟ್ಟು ಹೊರಟದ್ದು ಜುಲೈ 7ರಂದು. ಅದರಲ್ಲಿದ್ದ ಸುಮಾರು 18,300 ಕಂಟೇನರುಗಳ ಸರಕು ಮೂರು ತಿಂಗಳಿಗೂ ಹೆಚ್ಚು ಕಾಲ ಕಾಯಿತು. ಹಡಗಿನ ಮಾಲೀಕರು ‘ಜನರಲ್ ಆವರೇಜ್’ ಘೋಷಿಸಿದ್ದರಿಂದ, ಹಡಗನ್ನು ಉಳಿಸಿದ ವೆಚ್ಚದ ಪಾಲನ್ನು ಸರಕಿನ ಒಡೆಯರೂ ಹೊರಬೇಕಾಯಿತು. ಇಂಥ ಸಂದರ್ಭದಲ್ಲಿ ವಿಮೆಯಿದ್ದವರ ಪರವಾಗಿ ವಿಮಾ ಸಂಸ್ಥೆಯು ಖಾತರಿ ನೀಡುತ್ತದೆ. ವಿಮೆಯಿಲ್ಲದವರು ನಗದು ಠೇವಣಿ ಕಟ್ಟದೆ ಸರಕು ಬಿಡಿಸಿಕೊಳ್ಳಲಾಗದು.

2023ರ ನವೆಂಬರ್ 19ರಂದು ಟರ್ಕಿಯಿಂದ ಭಾರತಕ್ಕೆ ಬರುತ್ತಿದ್ದ ‘ಗ್ಯಾಲಕ್ಸಿ ಲೀಡರ್’ ಎಂಬ ವಾಹನ ಸಾಗಣೆಯ ಹಡಗನ್ನು ಕೆಂಪು ಸಮುದ್ರದಲ್ಲಿ ಹೌತಿ ಪಡೆಗಳು ವಶಪಡಿಸಿಕೊಂಡವು. ಮುಂದಿನ ದಾಳಿಗಳಿಗೆ ಅಂಜಿದ ಅನೇಕ ಹಡಗು ಕಂಪನಿಗಳು ಆಫ್ರಿಕಾದ ದಕ್ಷಿಣ ತುದಿಯನ್ನು ಬಳಸಿ ಸಾಗತೊಡಗಿದವು. ಯುರೋಪಿನ ಪ್ರಯಾಣಕ್ಕೆ ಇದರಿಂದ ಸುಮಾರು ಹತ್ತರಿಂದ ಹದಿನಾಲ್ಕು ದಿನಗಳು ಹೆಚ್ಚಾದವು.

ನಿಲ್ಲದ ಗಡಿಯಾರಗಳು

ಹಡಗು ನಿಂತಾಗ ಮಾಲೀಕನ ಕಾಗದಪತ್ರಗಳ ಅವಧಿಯು ನಿಲ್ಲುವುದಿಲ್ಲ. ನಷ್ಟದ ಮೂಲ ಇಲ್ಲಿದೆ. ಸುಂಕ ಕಟ್ಟದೆ ತಾತ್ಕಾಲಿಕವಾಗಿ ವಾಹನವನ್ನು ಪರದೇಶಕ್ಕೆ ಒಯ್ಯಲು ಅನೇಕ ದೇಶಗಳು ‘ಕಾರ್ನೆ’ ಎಂಬ ದಾಖಲೆಯನ್ನು ಕೇಳುತ್ತವೆ. ಮುಂಬೈನ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಷನ್‌ನಂತಹ ಸಂಸ್ಥೆಗಳು ಭದ್ರತೆ ಪಡೆದು ನೀಡುವ ಇದರ ಅವಧಿ ಒಂದು ವರ್ಷ. ಅಂತರರಾಷ್ಟ್ರೀಯ ಚಾಲನಾ ಪರವಾನಗಿಯ ಅವಧಿಯೂ ಒಂದೇ ವರ್ಷ. ವೀಸಾ ಅವಧಿ ಇನ್ನೂ ಕಡಿಮೆ. ಕಾರ್ನೆಯ ಅವಧಿ ಮೀರಿ ವಾಹನವು ಪರದೇಶದಲ್ಲಿ ಉಳಿದರೆ ಅಲ್ಲಿನ ಸುಂಕದ ಬೇಡಿಕೆಯು ಭದ್ರತಾ ಹಣದ ಮೇಲೆ ಬೀಳುತ್ತದೆ.

ಬಂದರಿನಲ್ಲಿಯೂ ಎರಡು ಗಡಿಯಾರಗಳಿವೆ. ಶುಲ್ಕರಹಿತ ದಿನಗಳು ಮುಗಿದ ಮೇಲೆ ತುಂಬಿದ ಕಂಟೇನರು ಬಂದರಿನಲ್ಲಿ ಉಳಿದರೆ ಡೆಮರೇಜ್. ಹೊರಗೆ ಒಯ್ದ ಕಂಟೇನರನ್ನು ತಡವಾಗಿ ಹಿಂದಿರುಗಿಸಿದರೆ ಡಿಟೆನ್ಷನ್. ಸಾಗರ ವಿಮೆಯಿದೆಯೆಂದು ನೆಮ್ಮದಿಯಾಗಿರುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ಬಹುತೇಕ ಪಾಲಿಸಿಗಳಿಗೆ ಆಧಾರವಾದ ಇನ್‌ಸ್ಟಿಟ್ಯೂಟ್ ಕಾರ್ಗೋ ಷರತ್ತುಗಳು ಜನರಲ್ ಆವರೇಜ್ ಪಾಲನ್ನು ಭರಿಸುತ್ತವೆ; ಆದರೆ ಕೇವಲ ವಿಳಂಬದಿಂದಾದ ನಷ್ಟವನ್ನು ಸ್ಪಷ್ಟವಾಗಿ ಹೊರಗಿಡುತ್ತವೆ. ವಿಳಂಬದ ಹೊರೆಯನ್ನು ಕಳುಹಿಸಿದವನೇ ಹೊರಬೇಕು.

ಪಾಲಿಸಬೇಕಾದ ಕ್ರಮಗಳು

1. ಹೊರಡುವ ಮುನ್ನ ಎಲ್ಲ ದಾಖಲೆಗಳ ಕೊನೆಯ ದಿನಾಂಕಗಳನ್ನು ಒಂದೇ ಹಾಳೆಯಲ್ಲಿ ಬರೆದು, ಅವುಗಳಲ್ಲಿ ಮೊದಲು ಮುಗಿಯುವುದಕ್ಕೆ ಅನುಗುಣವಾಗಿ ಪ್ರಯಾಣವನ್ನು ಯೋಜಿಸಬೇಕು.

2. ವಾಹನವು ಬಂದರಿನಿಂದ ಹೊರಟಿರುವುದು ಖಚಿತವಾದ ಮೇಲೆಯೇ ಮಾಲೀಕರು ವಿಮಾನದ ಟಿಕೆಟ್ಟು ಹಾಗೂ ವಸತಿಯನ್ನು ಕಾಯ್ದಿರಿಸುವುದು ಲೇಸು.

3. ಶುಲ್ಕರಹಿತ ದಿನಗಳೆಷ್ಟು, ಬಳಿಕ ದಿನಕ್ಕೆಷ್ಟು ಶುಲ್ಕ ಎಂಬುದನ್ನು ಬಾಡಿಗೆ ಒಪ್ಪಂದಕ್ಕೆ ಮೊದಲೇ ಬರವಣಿಗೆಯಲ್ಲಿ ಪಡೆಯಬೇಕು.

4. ಕಾರ್ನೆ ವಿಸ್ತರಣೆಗೆ ಅವಧಿ ಮುಗಿಯುವ ಮೊದಲೇ ಅರ್ಜಿ ಸಲ್ಲಿಸಬೇಕು. ಪ್ರತಿ ದೇಶದ ನಿರ್ಗಮನ ಮೊಹರನ್ನು ಅಲ್ಲಿಯೇ ಪರಿಶೀಲಿಸಿಕೊಳ್ಳಬೇಕು.

5. ಕಾಯುವ ದಿನಗಳ ಖರ್ಚಿಗೆ ಪ್ರತ್ಯೇಕ ಮೊತ್ತವನ್ನು ತೆಗೆದಿರಿಸಬೇಕು.

ಉದ್ಯಮಿಗಳಿಗೆ ಅನ್ವಯ

ವಿದೇಶಿ ವಸ್ತುಪ್ರದರ್ಶನಕ್ಕೆ ಯಂತ್ರ ಕಳುಹಿಸುವವರಿಗೆ ಇದೇ ಮಾದರಿಯ ‘ಎಟಿಎ ಕಾರ್ನೆ’ ಇದ್ದು, ಭಾರತದಲ್ಲಿ ಅದನ್ನು ಫಿಕ್ಕಿ ಸಂಸ್ಥೆ ನೀಡುತ್ತದೆ. ಪ್ರದರ್ಶನ ಮುಗಿದ ಮೇಲೆ ತಲುಪುವ ಯಂತ್ರದಿಂದ ಪ್ರಯೋಜನವಿಲ್ಲ. ಲೆಟರ್ ಆಫ್ ಕ್ರೆಡಿಟ್ ಆಧಾರದಲ್ಲಿ ರಫ್ತು ಮಾಡುವವರ ಪರಿಸ್ಥಿತಿಯೂ ಭಿನ್ನವಲ್ಲ. ಯುಸಿಪಿ 600 ನಿಯಮಗಳ ಪ್ರಕಾರ, ಬೇರೆ ಷರತ್ತು ಇಲ್ಲದಿದ್ದರೆ, ಸರಕು ಹಡಗಿಗೇರಿದ 21 ದಿನಗಳೊಳಗೆ ಸಾಗಣೆ ದಾಖಲೆಗಳನ್ನು ಬ್ಯಾಂಕಿಗೆ ಸಲ್ಲಿಸಬೇಕು. ಕ್ರೆಡಿಟ್‌ನ ಅವಧಿಯನ್ನೂ ಮೀರುವಂತಿಲ್ಲ. ಹಡಗು ತಪ್ಪುವ ಸೂಚನೆ ಕಂಡೊಡನೆ ತಿದ್ದುಪಡಿಗಾಗಿ ಖರೀದಿದಾರನನ್ನು ಕೋರುವುದೇ ಸುರಕ್ಷಿತ ಮಾರ್ಗ.

ಆದಿವಾಲದಿಂದ ಚೆನ್ನೈಗೆ ತಗಲುವ ಸಮಯವನ್ನು ಲಾರಿ ಚಾಲಕನು ಅಂದಾಜಿಸಬಲ್ಲನು. ಚೆನ್ನೈನಿಂದ ಮುಂದಿನ ದಿನಗಳನ್ನು ಯಾರೂ ಖಚಿತವಾಗಿ ಹೇಳಲಾರರು. ಹೇಳಲಾಗದ ಆ ದಿನಗಳಿಗೂ ಲೆಕ್ಕದಲ್ಲಿ ಜಾಗವಿಟ್ಟವನಿಗೆ ವಿಳಂಬವು ಬರೀ ಕಾಯುವಿಕೆ. ಇಡದವನಿಗೆ ಅದೇ ನಷ್ಟ.