ಕೂಗಲು ಬಾರದ ಹೆಸರು

ಸಂಜ್ಞಾ ಭಾಷೆಯಲ್ಲಿ ವ್ಯವಹರಿಸುವ ಕಿವುಡ ಸಮುದಾಯಗಳಲ್ಲಿ ವ್ಯಕ್ತಿಗೆ ದಾಖಲೆಯ ಹೆಸರಲ್ಲದೆ ಕೈಯಿಂದ ಮಾಡಿ ತೋರಿಸುವ ಇನ್ನೊಂದು ಹೆಸರೂ ಇರುತ್ತದೆ. ಇದನ್ನು ಸಂಜ್ಞಾನಾಮ ಎನ್ನಬಹುದು. ಅಕ್ಷರಕ್ಕೊಂದು ಬೆರಳ ವಿನ್ಯಾಸವಿರುವ ಬೆರಳಕ್ಷರಗಳಲ್ಲಿ ಹೆಸರನ್ನು ಬಿಡಿಸಿ ಹೇಳುವುದು ಸಾಧ್ಯವಾದರೂ ಮಾತಿನ ಓಟಕ್ಕೆ ಅದು ನಿಧಾನ. ಆದರೆ ಸಂಜ್ಞಾನಾಮ ಇರುವುದು ಕರೆಯುವುದಕ್ಕಲ್ಲ. ಗಮನ ಸೆಳೆಯಲು ಕಿವುಡರು ಭುಜ ತಟ್ಟುತ್ತಾರೆ, ಕೈ ಬೀಸುತ್ತಾರೆ, ಇಲ್ಲವೇ ಕೋಣೆಯ ದೀಪವನ್ನು ಆರಿಸಿ ಹೊತ್ತಿಸುತ್ತಾರೆ. ಕಣ್ಣಿಗೆ ಕಣ್ಣು ಕೂಡಿದ ಮೇಲೆ ಹೆಸರು ಹೇಳುವ ಅಗತ್ಯವೇ ಉಳಿಯುವುದಿಲ್ಲ. ಹೀಗಾಗಿ ಸಂಜ್ಞಾನಾಮ ಮುಖ್ಯವಾಗಿ ಮೂರನೆಯವರ ವಿಷಯ ಬಂದಾಗ ಬಳಕೆಯಾಗುತ್ತದೆ, ಅಂಥವರನ್ನು ಗುರುತಿಸಲು ಮೈಮೇಲಿನ ಲಕ್ಷಣವೊಂದು ಸುಲಭವಾಗಿ ಒದಗಿಬರುತ್ತದೆ.

1785ರಲ್ಲಿ ಫ್ರಾನ್ಸಿನ ಲಿಯಾನ್ ನಗರದ ಸಮೀಪದ ಹಳ್ಳಿಯೊಂದರಲ್ಲಿ ಹುಟ್ಟಿದ ಲೊರಾಂ ಕ್ಲೆರ್ ಕೂಸಾಗಿದ್ದಾಗ ಅಡುಗೆಮನೆಯ ಬೆಂಕಿಗೆ ಬಿದ್ದುದರಿಂದ ಅವರ ಬಲಗೆನ್ನೆಯಲ್ಲಿ ಸುಟ್ಟ ಕಲೆ ಉಳಿಯಿತು. ಆ ಕಲೆಯೇ ಅವರ ಹೆಸರಾಯಿತು: ತೋರುಬೆರಳು, ನಡುಬೆರಳುಗಳನ್ನು ಜೋಡಿಸಿ ಕೆನ್ನೆಯ ಮೇಲೆ ಸವರುವ ಸಂಜ್ಞೆ. ಕೇಳುವವರ ಸಮಾಜದಲ್ಲಿ ಹೀಗೆ ಕರೆದರೆ ಜಗಳವಾದೀತು. ನೋಟವೇ ಆಧಾರವಾದ ಭಾಷೆಯಲ್ಲಿ ಇದು ಹೀಯಾಳಿಕೆಯಲ್ಲ, ಕೇವಲ ಗುರುತು. 1816ರಲ್ಲಿ ಕ್ಲೆರ್ ಅವರನ್ನು ಅಮೆರಿಕಕ್ಕೆ ಕರೆದೊಯ್ದು ಮರುವರ್ಷ ಅವರ ಜೊತೆಗೂಡಿ ಹಾರ್ಟ್‌ಫರ್ಡ್‌ನಲ್ಲಿ ಕಿವುಡರ ಶಾಲೆ ತೆರೆದ ಥಾಮಸ್ ಗ್ಯಾಲೊಡೆಟ್ ಅವರಿಗೆ ಕನ್ನಡಕದಿಂದ ಹೆಸರು ಬಂದಿತು: ಕಣ್ಣಂಚಿನಲ್ಲಿ ಕನ್ನಡಕದ ಕಡ್ಡಿಯನ್ನು ಹಿಡಿದಂತೆ ಎರಡು ಬೆರಳುಗಳನ್ನು ಹಿಂದಕ್ಕೆಳೆದು ಕೂಡಿಸುವ ಈ ಸಂಜ್ಞೆಯೇ ವಾಷಿಂಗ್ಟನ್ನಿನ ಗ್ಯಾಲೊಡೆಟ್ ವಿಶ್ವವಿದ್ಯಾಲಯಕ್ಕೂ ಹೆಸರಾಗಿದೆ.

ಎಲ್ಲ ಸಂಜ್ಞಾನಾಮಗಳೂ ಹೀಗೆ ವರ್ಣನಾತ್ಮಕವಲ್ಲ. ಕಿವುಡ ಕುಟುಂಬದಲ್ಲಿಯೇ ಬೆಳೆದ ಭಾಷಾವಿಜ್ಞಾನಿ ಸ್ಯಾಮ್ಯುಯೆಲ್ ಸುಪಲ್ಲ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕದ ಕಿವುಡ ಕುಟುಂಬಗಳು ಮಕ್ಕಳಿಗೆ ಸಾಂಪ್ರದಾಯಿಕವಾಗಿ ಇಡುವುದು ಯಾದೃಚ್ಛಿಕ ಹೆಸರನ್ನು, ಅಂದರೆ ಇಂಗ್ಲಿಷ್ ಹೆಸರಿನ ಮೊದಲಕ್ಷರದ ಕೈಯಾಕಾರವನ್ನು ಗದ್ದ, ಎದೆ, ತೋಳು ಮುಂತಾದ ಯಾವುದಾದರೊಂದು ಸ್ಥಾನದಲ್ಲಿ ನಿರ್ದಿಷ್ಟ ಚಲನೆಯೊಂದಿಗೆ ತೋರಿಸುವ, ಬೇರೆ ಅರ್ಥವಿಲ್ಲದ ಸಂಜ್ಞೆಯನ್ನು, ಎಂದು ತೋರಿಸಿದರು. ಮೊದಲಕ್ಷರ ಮತ್ತು ವರ್ಣನೆಗಳನ್ನು ಬೆರೆಸಿ, ಗುಳಿಗೆನ್ನೆಯ ಮೇಲೆ ಅಕ್ಷರವೊಂದನ್ನು ತಿರುಗಿಸುವಂಥ ಹೆಸರುಗಳನ್ನು ಅವರು ಪರಂಪರೆಗೆ ಹೊರತಾದವೆಂದು ಎಣಿಸಿದರು. ಇಂದು ಅವು ಧಾರಾಳವಾಗಿ ಬಳಕೆಯಲ್ಲಿವೆ.

ಸಂಜ್ಞಾ ಭಾಷೆ ಕಲಿಯುವ ಕೇಳುವವರು ತಮಗೆ ತಾವೇ ಹೆಸರಿಟ್ಟುಕೊಳ್ಳುವುದನ್ನು ಕಿವುಡ ಸಮುದಾಯ ಸಾಮಾನ್ಯವಾಗಿ ಒಪ್ಪುವುದಿಲ್ಲ. ಒಡನಾಟ ಬೆಳೆದು ಕಿವುಡರೊಬ್ಬರು ಹೆಸರು ಕೊಡುವ ತನಕ ಅವರು ತಮ್ಮ ಹೆಸರನ್ನು ಅಕ್ಷರಕ್ಷರವಾಗಿ ಬೆರಳುಗಳಲ್ಲೇ ಬಿಡಿಸಿ ಹೇಳಬೇಕಾಗುತ್ತದೆ.