ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುಂಚೆ

ನನ್ನದು ಚಳ್ಳಕೆರೆ ಕಡೆಯ ಖುಷ್ಕಿ ಬೇಸಾಯ. ಶೇಂಗಾ, ತೊಗರಿ, ಒಂದಿಷ್ಟು ಕುರಿ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಕಂಪ್ಯೂಟರ್ ಯಾಕೆ ಅಂತ ನೀವು ಕೇಳಬಹುದು. 2017ರಲ್ಲಿ ಮಗಳ ಓದಿಗೆ ಅಂತ ಸೆಕೆಂಡ್‌ಹ್ಯಾಂಡ್‌ನಲ್ಲಿ ತಂದದ್ದು. ಅವಳು ಕೆಲಸಕ್ಕೆ ಹೋದ ಮೇಲೆ ನನ್ನ ಪಾಲಿಗೆ ಬಂತು. ಮಳೆ ಲೆಕ್ಕ, ಬಿತ್ತನೆ ತಾರೀಕು, ಕೂಲಿ-ಗೊಬ್ಬರದ ಖರ್ಚು, ನಮ್ಮ ಮನೆಯವರ ಸ್ವಸಹಾಯ ಸಂಘದ ಜಮಾ-ಖರ್ಚು ಎಲ್ಲಾ ಅದರಲ್ಲೇ.

2025ರಲ್ಲಿ ಪರದೆ ಮೇಲೆ ಒಂದು ಸೂಚನೆ ಬರತೊಡಗಿತು. ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಲ್ಲುತ್ತದೆ ಅಂತ. ಪೇಟೆಯ ಅಂಗಡಿಗೆ ಒಯ್ದೆ. ಬಿಚ್ಚಿಯೂ ನೋಡದೆ, "ಇದನ್ನ ಗುಜರಿಗೆ ಹಾಕಿ ಯಜಮಾನ್ರೇ" ಅಂದರು. ನಲವತ್ತು ಸಾವಿರದ ಹೊಸದೊಂದು ತೋರಿಸಿದರು. ಆ ಸಲ ನನ್ನ ಶೇಂಗಾದಲ್ಲಿ ಬೀಜದ ದುಡ್ಡೂ ಹುಟ್ಟಿರಲಿಲ್ಲ. ವಾಪಸ್ ತಂದೆ.

ಬೆಂಬಲ ನಿಂತರೆ ಏನಾಗುತ್ತೆ?

ಮಗಳನ್ನು ಕೇಳಿದೆ. "ಅಪ್ಪಾ, ಮಿಷನ್ ಕೆಡಲ್ಲ. ಲಸಿಕೆ ಹಾಕೋದು ನಿಲ್ಲಿಸ್ತಾರೆ ಅಷ್ಟೆ" ಅಂದಳು. ಆಗ ಅರ್ಥವಾಯ್ತು. ಕಾಲುಬಾಯಿ ಲಸಿಕೆ ತಪ್ಪಿದ ಹಸು ಅವತ್ತೇ ಸಾಯುವುದಿಲ್ಲ. ಆದರೆ ಸಂತೆಗೆ ಹೊಡೆದುಕೊಂಡು ಹೋದರೆ ರೋಗ ತರುತ್ತೆ. ಕಂಪ್ಯೂಟರಿಗೆ ಇಂಟರ್ನೆಟ್ಟೇ ಸಂತೆ.

ನಮ್ಮ ಮುಂದಿದ್ದ ದಾರಿಗಳು

1. ವಿಂಡೋಸ್ 11 ಹಾಕುವುದು. ಇದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಮೇಲಿನ ಪ್ರೊಸೆಸರ್ ಇರಬೇಕು. ನನ್ನದು ನಾಲ್ಕನೆಯದು, ಆಗಲಿಲ್ಲ.

2. ಲಸಿಕೆಯನ್ನು ಮುಂದುವರಿಸುವುದು. ಕಂಪನಿ 2025ರಲ್ಲಿ ಪ್ರಕಟಿಸಿದಂತೆ, ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್. ಮೈಕ್ರೋಸಾಫ್ಟ್ ಖಾತೆಯಲ್ಲಿ ಸೆಟ್ಟಿಂಗ್ಸ್ ಉಳಿಸಿಕೊಳ್ಳಲು ಒಪ್ಪಿದರೆ ದುಡ್ಡಿಲ್ಲ, ಇಲ್ಲವಾದರೆ 30 ಡಾಲರ್. ಇದು ವಾಯಿದೆ ಮಾತ್ರ.

3. ಇಂಟರ್ನೆಟ್ ಕಿತ್ತು, ಬರೀ ಲೆಕ್ಕಕ್ಕೆ ಇಟ್ಟುಕೊಳ್ಳುವುದು. ಆಗಲೂ ಕಂಡಕಂಡವರ ಪೆನ್‌ಡ್ರೈವ್ ಚುಚ್ಚಬಾರದು. ಬ್ಯಾಂಕ್ ವ್ಯವಹಾರ ಬೇಡವೇ ಬೇಡ.

4. ಲಿನಕ್ಸ್ ಹಾಕುವುದು. ಇದಕ್ಕೆ ದುಡ್ಡು ಕೊಡಬೇಕಿಲ್ಲ. ಲಿನಕ್ಸ್ ಮಿಂಟ್ 2 ಜಿಬಿ ರ್‍ಯಾಮ್‌ನಲ್ಲೂ ನಡೆಯುತ್ತೆ, 4 ಜಿಬಿ ಇದ್ದರೆ ಆರಾಮ. ಅದರ 22ನೇ ಆವೃತ್ತಿಗೆ 2029ರವರೆಗೆ ಅಪ್‌ಡೇಟ್ ಇದೆ. ನಾವು ಹಿಡಿದದ್ದು ಈ ದಾರಿ.

ಎಡವಿದ ಜಾಗ

ಮಿಂಟನ್ನು ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಬಹುದು, ಒಳಗಿನ ಫೈಲಿಗೆ ಏನೂ ಆಗುವುದಿಲ್ಲ. ಮಗಳು ದೀಪಾವಳಿಗೆ ಬಂದಾಗ ಹಾಗೇ ನಡೆಸಿದಳು. ಮಳೆ ಲೆಕ್ಕದ ಫೈಲ್ ತೆರೆದೆ, ನನ್ನೆದೆ ಧಸಕ್ ಅಂತು. ಕನ್ನಡದ ಜಾಗದಲ್ಲಿ ಬರೀ ಇಂಗ್ಲಿಷ್ ಅಕ್ಷರದ ಗೀಚು!

ಕಾರಣ ಇಷ್ಟೆ. ನಾನು ಟೈಪ್ ಮಾಡಿದ್ದು ನುಡಿಯ ಹಳೇ ಅಕ್ಷರದಲ್ಲಿ. ಆ ಫಾಂಟ್ ಇಲ್ಲದ ಕಡೆ ಅದು ಕನ್ನಡವಾಗಿ ಕಾಣುವುದಿಲ್ಲ. ವಿಂಡೋಸ್ ಅಳಿಸಿರಲಿಲ್ಲ, ಹಾಗಾಗಿ ಬಚಾವಾದೆ. ಹಳೇ ಅಕ್ಷರವನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳಿವೆ. ಎರಡು ದಿನ ಕೂತು ಎಲ್ಲಾ ತಿರುಗಿಸಿದೆವು. ಕೆಲವು ಒತ್ತಕ್ಷರ ತಪ್ಪಾಗಿದ್ದವು, ನೋಟ್‌ಬುಕ್ ಇಟ್ಟುಕೊಂಡು ತಿದ್ದಿದೆ. ಎರಡು ಪೆನ್‌ಡ್ರೈವ್‌ನಲ್ಲಿ ನಕಲು ತೆಗೆದ ಮೇಲೇ ಡಿಸ್ಕ್ ಅಳಿಸಿದ್ದು. ಅದೇ ವೇಳೆ ಹಳೇ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದೆವು. ಎರಡು ಸಾವಿರ ಚಿಲ್ಲರೆ ಆಯಿತು. ಒಟ್ಟು ಖರ್ಚು ಅಷ್ಟೆ.

ಈಗ ಒಂದು ನಿಮಿಷದೊಳಗೆ ಶುರುವಾಗುತ್ತೆ. ಲೆಕ್ಕಕ್ಕೆ ಲಿಬ್ರೆ ಆಫೀಸ್ ಇದೆ. ಕನ್ನಡದ ಕೀಲಿಮಣೆ ಪಟ್ಟಿಯಲ್ಲಿ ಕಗಪ ವಿನ್ಯಾಸವೂ ಇದ್ದುದರಿಂದ ಬೆರಳಿಗೆ ಹೊಸ ಪಾಠ ಬೇಕಾಗಲಿಲ್ಲ. ತೊಂದರೆ ಇಲ್ಲವೆಂದಲ್ಲ. ಹಳೇ ಪ್ರಿಂಟರ್ ಇದಕ್ಕೆ ಹೊಂದಲಿಲ್ಲ, ಸಂಘದ ಕಾಗದಕ್ಕೆ ಈಗಲೂ ಜೆರಾಕ್ಸ್ ಅಂಗಡಿಗೆ ಹೋಗುತ್ತೇನೆ. ವಿಂಡೋಸಿನ ಪ್ರೋಗ್ರಾಮ್‌ಗಳೇ ಬೇಕು ಅನ್ನುವವರಿಗೂ ಇದು ಸರಿಹೋಗಲಿಕ್ಕಿಲ್ಲ. ಅದಕ್ಕೇ ಮೊದಲು ಪೆನ್‌ಡ್ರೈವ್‌ನಲ್ಲಿ ನಡೆಸಿ, ನಿಮ್ಮ ಫೈಲು, ಪ್ರಿಂಟರ್ ಎರಡನ್ನೂ ನೋಡಿಕೊಳ್ಳಿ.

ಇನ್ನೊಂದು ಮಾತು. ಹಳೇ ನುಡಿ ಅಕ್ಷರದಲ್ಲಿ ನಿಮ್ಮ ಲೆಕ್ಕ ಇದ್ದರೆ, ಮಿಷನ್ ಬದಲಿಸಿ, ಬಿಡಿ, ಅದನ್ನು ಮಾತ್ರ ಈಗಲೇ ಯೂನಿಕೋಡ್‌ಗೆ ತಿರುಗಿಸಿಡಿ.