ಮಳೆ ಬಂದಾಗ ಬೋಳಾಗುವ ಮರ

ಮಳೆಗಾಲ

ಸುಡಾನಿನ ಬಯಲಿಗೆ ಜುಲೈ ಹೊತ್ತಿಗೆ ಮಳೆ ಇಳಿಯುತ್ತದೆ. ಹುಲ್ಲು, ಪೊದೆ, ಬೆಳೆ ಎಲ್ಲವೂ ಹಸಿರಾಗುತ್ತಿರುವಾಗ ಒಂದು ದೊಡ್ಡ ಮರ ಮಾತ್ರ ಎಲೆ ಕಳಚಿ ಬರಿಗೊಂಬೆಯಾಗಿ ನಿಲ್ಲುತ್ತದೆ. ಅದು ಹರಾಝ್. ನಮ್ಮ ಜಾಲಿಯ ಬಳಗಕ್ಕೆ ಸೇರಿದ್ದು. ಸಸ್ಯಶಾಸ್ತ್ರದಲ್ಲಿ ಫೈದರ್ಬಿಯಾ ಆಲ್ಬಿಡಾ. ಮಳೆ ಹಿಂದೆಗೆದು ನೆಲ ಒಣಗತೊಡಗಿದ ಮೇಲೆ ಚಿಗುರುತ್ತದೆ, ಸುತ್ತಲೆಲ್ಲ ಬೂದಿಬಣ್ಣಕ್ಕೆ ತಿರುಗಿದ ಬಿರುಬಿಸಿಲಿನಲ್ಲಿ ತುಂಬಿಕೊಂಡು ನಿಂತಿರುತ್ತದೆ. ಮಳೆಯ ಮೇಲೆ ಯುದ್ಧ ಹೂಡಿದ ಮರ ಎಂದು ಸುಡಾನಿನ ಜನ ಇದನ್ನು ಕರೆಯುತ್ತಾರೆ.

ಓಮ್‌ಡರ್ಮನ್‌ನಲ್ಲಿ 1930ರಲ್ಲಿ ಹುಟ್ಟಿದ ಚಿತ್ರಕಾರ ಇಬ್ರಾಹಿಂ ಎಲ್-ಸಲಾಹಿ ಇಳಿವಯಸ್ಸಿನಲ್ಲಿ ಈ ಮರವನ್ನು ಮತ್ತೆ ಮತ್ತೆ ಬರೆದಿದ್ದಾರೆ. ಎಲೆಯಿಲ್ಲದ ದಿನಗಳಲ್ಲಿ ದೂರದಿಂದ ಮರ ಗುರುತಿಸಬೇಕಾದರೆ ಕೊಂಬೆಗಿಂತ ಮೊದಲು ಕೊಂಬೆಗಳ ನಡುವಿನ ಬಯಲನ್ನು ನೋಡಬೇಕು. ಒಂದೊಂದು ಜಾತಿ ಆಕಾಶವನ್ನು ಒಂದೊಂದು ಬಗೆಯಲ್ಲಿ ಕತ್ತರಿಸುತ್ತದೆ. ಸಲಾಹಿಯವರ ಚಿತ್ರಗಳನ್ನೂ ನಾನು ಹಾಗೆಯೇ ನೋಡುತ್ತ ಬಂದಿದ್ದೇನೆ. ಅವರ ಶೈಲಿ ಬೆಳೆದದ್ದೆಲ್ಲ ಗೆರೆಗಳ ನಡುವಿನ ಆ ಬಯಲಿನಲ್ಲಿ.

ಅಂಟು, ಮಸಿ, ಹಲಗೆ

ಸಲಾಹಿಯವರ ತಂದೆ ಮನೆಯಲ್ಲೇ ಖಲ್ವಾ ನಡೆಸುತ್ತಿದ್ದರು, ಎಂದರೆ ಕುರ್‌ಆನ್ ಕಲಿಸುವ ಶಾಲೆ. ಮಗು ಅಕ್ಷರ ತಿದ್ದಿದ್ದು ಅಲ್ಲೇ, ಮರದ ಹಲಗೆಯ ಮೇಲೆ. ಈ ಕಲಿಕೆಯ ಸಾಮಗ್ರಿಯೆಲ್ಲ ಸುತ್ತಲ ಗಿಡಮರದ್ದು. ಬರೆಯಲು ಜೊಂಡಿನ ಕಡ್ಡಿ. ಮಸಿಗೆ ಹೊಗೆಯ ಕಾಡಿಗೆ, ಜೊತೆಗೆ ಜಾಲಿ ಜಾತಿಯ ಮರದ ಅಂಟು. ಕರಿಜಾಲಿಯ ತೊಗಟೆ ಗಾಯಗೊಂಡ ಕಡೆ ಜೇನುಬಣ್ಣದ ಹನಿ ಗಟ್ಟಿಯಾಗಿ ಕೂತಿರುವುದನ್ನು ನಮ್ಮ ಬಯಲುಸೀಮೆಯಲ್ಲಿ ಎಲ್ಲರೂ ಕಂಡಿರುತ್ತಾರೆ. ಅದೇ ಕರಿಜಾಲಿ ನೈಲ್ ದಂಡೆಯಲ್ಲೂ ಕಾಡಾಗಿ ಬೆಳೆಯುತ್ತದೆ. ಸುಡಾನಿನಲ್ಲಿ ಹೆಸರಾದ ಅಂಟು ಮಾತ್ರ ಹಶಾಬ್ ಎಂಬ ಅದರ ದಾಯಾದಿ ಮರದ್ದು. ಅಂಟು ಕಾಡಿಗೆಯ ಕಣಗಳು ತಳ ಸೇರದಂತೆ ನೀರಿನಲ್ಲಿ ಹಿಡಿದಿಡುತ್ತದೆ, ಒಣಗಿದಾಗ ಹಲಗೆಗೆ ಕಚ್ಚಿಕೊಳ್ಳುತ್ತದೆ, ನೀರು ಹೊಯ್ದರೆ ಬಿಟ್ಟುಕೊಡುತ್ತದೆ. ಪಾಠ ಬಾಯಿಗೆ ಬಂದ ಮೇಲೆ ಹಲಗೆ ತೊಳೆದು ಹೊಸ ಪಾಠ. ತೊಳೆದ ನೀರಿಗೆ ಬರಕತ್ತು ಇದೆಯೆಂದು ಕುಡಿಯುವ ರೂಢಿಯೂ ಉಂಟು.

ಬರೆದದ್ದು ಹೋಗುತ್ತದೆ, ಕೈಗೆ ಬಂದ ಗೆರೆ ಉಳಿಯುತ್ತದೆ. ಕಡ್ಡಿಯ ಓರೆ ತುದಿ ಎಲ್ಲಿ ದಪ್ಪವಾಗಬೇಕು, ಎಲ್ಲಿ ಸಣ್ಣಗಾಗಬೇಕು, ಎರಡು ಅಕ್ಷರದ ನಡುವೆ ಎಷ್ಟು ಬಿಡಬೇಕು ಎಂಬ ಅಳತೆ ಆ ಎಳೆಯ ಕೈಯಲ್ಲಿ ಕೂತಿತು.

ಅಕ್ಷರ ಒಡೆದಾಗ

1954ರಿಂದ 1957ರವರೆಗೆ ಲಂಡನ್ನಿನ ಸ್ಲೇಡ್ ಕಲಾಶಾಲೆಯಲ್ಲಿ ಕಲಿತು ಊರಿಗೆ ಮರಳಿದ ಸಲಾಹಿ ಖಾರ್ತೂಮಿನ ಗ್ರ್ಯಾಂಡ್ ಹೋಟೆಲಿನಲ್ಲಿ ಚಿತ್ರಗಳನ್ನು ತೂಗುಹಾಕಿದರು. ಜನ ಉದ್ಘಾಟನೆಗೆ ಬಂದರು, ಮತ್ತೆ ಬರಲಿಲ್ಲ. ಅವರು ಕುಂಚ ಕೆಳಗಿಟ್ಟು ನಾಡು ಸುತ್ತಿದರು. ಮನೆಗಳ ಗೋಡೆಯ ಮೇಲಿನ ಬರಹ, ಚಾಪೆ, ಬುಟ್ಟಿ, ಜೀನು, ನಮಾಜಿನ ಹಾಸು, ಎಲ್ಲೆಲ್ಲೂ ಜನ ಬೆಲೆಕೊಟ್ಟು ಇಟ್ಟುಕೊಂಡಿದ್ದ ಚಿತ್ತಾರ ಕಂಡಿತು. ಆಮೇಲೆ ಚಿತ್ರದ ಮೂಲೆಯಲ್ಲಿ ಸಣ್ಣಗೆ ಅರಬ್ಬಿ ಅಕ್ಷರ ಬರೆಯತೊಡಗಿದರು. ನೋಡುವವರು ಒಂದು ಹೆಜ್ಜೆ ಹತ್ತಿರ ಬಂದರು. ಅಕ್ಷರ ಮೂಲೆಯಿಂದ ನಡುವಿಗೆ ಹರಡಿತು. ಕೊನೆಗೆ ಅಕ್ಷರವನ್ನೇ ಬಿಡಿಸಿ, ಒಡೆದು, ನಡುವಿನ ಎಡೆಯನ್ನು ತೆರೆದರು. ಆ ಎಡೆಯಿಂದ ಮುಖಗಳು, ಪ್ರಾಣಿಗಳು, ಗಿಡಗಳು ಹೊರಟವು.

1961ರಿಂದ 1965ರವರೆಗೆ ಬರೆದ, ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿರುವ, ಬಾಲ್ಯದ ಕನಸುಗಳ ಸದ್ದು ಮರುಹುಟ್ಟುವುದನ್ನು ಕುರಿತ ದೊಡ್ಡ ಚಿತ್ರದಲ್ಲಿ ಇದನ್ನು ಹತ್ತಿರದಿಂದ ಹಿಂಬಾಲಿಸಬಹುದು. ಎರಡೂವರೆ ಮೀಟರಿಗೂ ಮಿಕ್ಕಿದ ಬಟ್ಟೆಯ ಮೇಲೆ ಮಣ್ಣಿನ ಬಣ್ಣಗಳು. ನೀಳ ಆಕೃತಿಗಳು, ಟೊಳ್ಳು ಕಣ್ಣುಗಳು. ಓದಬಹುದಾದ ಅಕ್ಷರವೊಂದೂ ಇಲ್ಲ. ಆದರೆ ನೆಟ್ಟಗೆ ನಿಂತ ಗೆರೆಯೂ ಅದಕ್ಕೆ ಎದುರಾಗಿ ಬಾಗಿದ ಗೆರೆಯೂ ಹಲಗೆಯ ಮೇಲೆ ಕಲಿತವೇ.

ಮರಳಿನಲ್ಲಿ ಹೂತದ್ದು

1975ರ ಸೆಪ್ಟೆಂಬರಿನಲ್ಲಿ ಸರ್ಕಾರ ಅವರನ್ನು ಬಂಧಿಸಿತು. ಸಂಸ್ಕೃತಿ ಇಲಾಖೆಯ ಹಿರಿಯ ಅಧಿಕಾರಿಯಾಗಿದ್ದವರು ಕ್ಷಿಪ್ರಕ್ರಾಂತಿಯ ಸಂಚಿನ ಆರೋಪದಲ್ಲಿ ಖಾರ್ತೂಮಿನ ಕೋಬರ್ ಜೈಲಿನಲ್ಲಿ ವಿಚಾರಣೆಯಿಲ್ಲದೆ ಆರು ತಿಂಗಳು ಎಂಟು ದಿನ ಕಳೆದರು. ಕಾಗದ, ಲೇಖನಿ ನಿಷಿದ್ಧ. ಸಿಕ್ಕ ಚೂರುಗಳ ಮೇಲೆ ಸಣ್ಣ ಸಣ್ಣದಾಗಿ ಗೀಚಿ, ಕಾವಲಿನವರು ಬರುವಷ್ಟರಲ್ಲಿ ಮರಳಿನಲ್ಲಿ ಹೂಳುತ್ತಿದ್ದರು.

ಬಿಡುಗಡೆಯಾದ ಮೇಲೆ ಅವರ ಚಿತ್ರ ಹುಟ್ಟುವ ಕ್ರಮವೇ ಬದಲಾಯಿತು. ಮೊದಲು ಒಂದು ಹಾಳೆಯ ಮೇಲೆ ಬೀಜದಂಥ ರೂಪ. ಅದು ಅಂಚು ಮುಟ್ಟಿದಾಗ ಪಕ್ಕಕ್ಕೆ ಇನ್ನೊಂದು ಹಾಳೆ. ಇಡೀ ಚಿತ್ರ ಎಷ್ಟಾಗುತ್ತದೆಂದು ಬರೆಯುವವರಿಗೂ ಮುಂಚೆ ತಿಳಿಯದು. 1984–85ರಲ್ಲಿ ಕತಾರಿನಲ್ಲಿದ್ದಾಗ ಬರೆದ ‘ಅನಿವಾರ್ಯ’ ಹೀಗೆ ಒಂಬತ್ತು ಫಲಕಗಳಿಗೆ ಬೆಳೆಯಿತು. ಬರೀ ಕಪ್ಪು ಮಸಿ, ಬಿಳಿ ಹಾಳೆ. ಬಣ್ಣಗಳೆಲ್ಲ ಉದುರಿ ಖಲ್ವಾದ ಹಲಗೆಯಲ್ಲಿದ್ದ ಕಪ್ಪಷ್ಟೇ ಉಳಿದ ಕಾಲ ಅದು.

ಹರಾಝ್ ಸಸಿಯೂ ಮೊದಲ ದಿನಗಳಲ್ಲಿ ಮೇಲಕ್ಕೆ ಅವಸರಪಡುವುದಿಲ್ಲ. ತಾಯಿಬೇರು ನೀರಿನ ಪಸೆ ಹುಡುಕಿ ಆಳಕ್ಕೆ ಇಳಿಯುತ್ತದೆ. ಆ ಆಳದ ನೀರಿನಿಂದಲೇ ಒಣ ತಿಂಗಳುಗಳಲ್ಲಿ ಎಲೆ ಹೊರುವುದು ಅದಕ್ಕೆ ಸಾಧ್ಯ.

ಬೇಸಿಗೆ

1998ರಲ್ಲಿ ಆಕ್ಸ್‌ಫರ್ಡಿಗೆ ಬಂದು ನೆಲೆಸಿದ ಸಲಾಹಿಯವರ ಕೆಲಸದಲ್ಲಿ ಮರದ ಸರಣಿ ಮೂಡಿತು. 2003ರ ಮರವೊಂದರಲ್ಲಿ ಬಣ್ಣದ ಮಸಿ ಮರಳಿ ಬಂದಿದೆ. ಎಲೆಯಿಲ್ಲ, ಮುಳ್ಳಿಲ್ಲ, ಬಿಸಿಲಿನಲ್ಲಿ ಸುರುಳಿ ಸುತ್ತಿಕೊಳ್ಳುವ ಕಿತ್ತಳೆಬಣ್ಣದ ಕಾಯಿಯೂ ಇಲ್ಲ. ಕಾಂಡವೆಂಬುದು ಒತ್ತೊತ್ತಾಗಿ ನೆಟ್ಟಗೆ ಇಳಿದ ಗೆರೆಗಳು, ನಡುನಡುವೆ ಪಟ್ಟಿಪಟ್ಟಿ ಬಣ್ಣ, ಸುತ್ತ ಬಿಟ್ಟ ಬಿಳಿ. ಕಾಡಿನಲ್ಲಿ ಇಂಥ ಮರ ಎಲ್ಲೂ ಸಿಗದು. ಹಾಗಿದ್ದೂ ಹರಾಝ್ ಬಲ್ಲವರಿಗೆ ಇದು ಹರಾಝ್: ಹಸಿರಿಲ್ಲದ ಹೊತ್ತಿನಲ್ಲೂ ಒಳಗೆ ಕೆಲಸ ನಿಲ್ಲದ ಮರ. ಇಸ್ಲಾಮೀ ಕಲೆ ಶತಮಾನಗಳಿಂದ ಸಾಧಿಸಿದ ಗೆರೆಯ ಶಿಸ್ತು, ಅಂತರದ ಲೆಕ್ಕ, ಮರುಕಳಿಸುವ ಲಯ ಇಲ್ಲಿ ಕಮಾನು ಗುಮ್ಮಟಗಳ ನೆರವಿಲ್ಲದೆ ಒಂದು ಕಾಂಡದೊಳಗೆ ಕೂತಿವೆ.

ಬೆನ್ನುನೋವು ಬಿಡದ ಮುಪ್ಪಿನಲ್ಲಿ ಔಷಧಿಯ ಖಾಲಿ ಪೊಟ್ಟಣ ಬಿಚ್ಚಿ ಅದರ ಒಳಬದಿಯಲ್ಲಿ ಬರೆದರು. ಹಾಳೆ ಮತ್ತೆ ಅಂಗೈಯಷ್ಟಾಯಿತು, ಗೆರೆ ನಡುಗಲಿಲ್ಲ.

ಮರದಡಿಯ ಬೆಳೆ

ಡಾರ್ಫುರದ ಜೆಬೆಲ್ ಮರ್ರಾ ಸೀಮೆಯ ರೈತರು ಹೊಲ ಹಸನು ಮಾಡುವಾಗ ಹರಾಝ್ ಮರವನ್ನು ಕಡಿಯದೆ ಉಳಿಸಿಕೊಳ್ಳುತ್ತಾರೆ. ಬಿತ್ತನೆಯ ಕಾಲಕ್ಕೆ ಬೋಳಾಗಿರುವ ಮರ ಸಜ್ಜೆಯ ಪೈರಿಗೆ ಬರುವ ಬೆಳಕನ್ನು ತಡೆಯುವುದಿಲ್ಲ. ಉದುರಿದ ಎಲೆ ಸಾರಜನಕ ತುಂಬಿದ ಗೊಬ್ಬರ. ಬೇಸಿಗೆಯಲ್ಲಿ ಕಾಯಿ ತಿನ್ನಲು, ನೆರಳಿಗೆ ನಿಲ್ಲಲು ಬರುವ ರಾಸುಗಳು ಸಗಣಿ ಹಾಕಿ ಹೋಗುತ್ತವೆ. ಹೀಗೆ ಮರದ ಬುಡದಲ್ಲೇ ಬೆಳೆ ಹುಲುಸು.

ಖಾರ್ತೂಮಿನ ಕಲಾ ಕಾಲೇಜಿನಲ್ಲಿ ಸಲಾಹಿ ಕಲಿಸುತ್ತಿದ್ದ ಕಾಲದಲ್ಲಿ ಅಲ್ಲಿ ಓದಿದವರಲ್ಲಿ ಕಮಲಾ ಇಬ್ರಾಹಿಂ ಇಶಾಕ್ ಒಬ್ಬರು. ಪರಂಪರೆಗೆ ಸಲಾಹಿ ಮತ್ತು ಅವರ ಸಂಗಡಿಗರ ಖಾರ್ತೂಮ್ ಪಂಥ ಕೊಡುತ್ತಿದ್ದ ಒತ್ತನ್ನು ಅವರು ಮುಂದೆ ಒಪ್ಪಲಿಲ್ಲ. 1970ರ ದಶಕದಲ್ಲಿ ತಮ್ಮ ಶಿಷ್ಯರೊಡನೆ ಕ್ರಿಸ್ಟಲಿಸ್ಟ್ ಎಂಬ ಬೇರೆಯೇ ಗುಂಪು ಕಟ್ಟಿದರು. ಹಿರಿಯರು ಹಬ್ಬಿದ ನೆಲದಲ್ಲಿ ಎದುರು ಮಾತಿಗೂ ಬೆಳಕು ಸಿಕ್ಕಿತು ಎನ್ನುವುದನ್ನು ನಾನು ದೊಡ್ಡ ಸಂಗತಿಯೆಂದೇ ಎಣಿಸುತ್ತೇನೆ. ಬಿತ್ತುವ ಕಾಲದಲ್ಲಿ ಎಲೆ ಇಳಿಸಿಕೊಳ್ಳಬಲ್ಲ ಮರದ ಕೆಳಗೇ ಪೈರು ಏಳುವುದು. ಪರಂಪರೆ ಹೊತ್ತವರಿಂದ ನಾವು ಕೇಳಬೇಕಾದ್ದೂ ಅದನ್ನೇ.